ಸಭೆಯೇ ಕೆಳಗಿಳಿದು ಬರಲಿ

"ಸುದ್ದಿ ನಿಂದು, ದನಿ ಯಾಕ ಬ್ಯಾರೇರದು?"

ನಂದಿಗುಡಿಯ ತಿಮ್ಮವ್ವ ಮಗಳನ್ನು ಹೀಗೆ ಕೇಳಿದ್ದು ಅದೇ ಮೊದಲಲ್ಲ. ಮಗಳು ಮೀನಾಕ್ಷಿ ಮಾಡಿದ ವರದಿ ರೇಡಿಯೋದಲ್ಲಿ ಬಂದಾಗಲೆಲ್ಲ ಕೇಳುತ್ತಿದ್ದರು. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂತರೆ, ಅದರೊಳಗಿಂದ ಬರುತ್ತಿದ್ದದ್ದು ದಾವಣಗೆರೆಯ ಯಾವುದೋ ಹುಡುಗಿಯ ನುಣುಪಾದ ದನಿ. ಕೊನೆಗೆ "ವರದಿ, ನಂದಿಗುಡಿಯಿಂದ ಮೀನಾಕ್ಷಿ" ಎಂದು ಹೆಸರು ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ.

"ಸ್ಟುಡಿಯೋ ಮಹಡಿ ಮ್ಯಾಲೈತೆ ಬೇ," ಅನ್ನುತ್ತಿದ್ದಳು ಮೀನಾಕ್ಷಿ. "ನನಗೆ ಹತ್ತಕ್ಕಾಗಲ್ಲ. ಅದಕ್ಕ ಅಲ್ಲಿರೋರು ಓದ್ತಾರೆ."

ಮೀನಾಕ್ಷಿಗೆ ಇಪ್ಪತ್ತೆಂಟು ವರ್ಷ. ಹೈಸ್ಕೂಲಿನಲ್ಲಿದ್ದಾಗ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರಿನ ಮೇಲೆ ಕೂತು ಬರುತ್ತಿದ್ದಳು. ಗಾಡಿ ಕಾಲುವೆಗೆ ಮಗುಚಿತು. ಬೆನ್ನುಹುರಿಗೆ ಪೆಟ್ಟು ಬಿದ್ದು, ಸೊಂಟದಿಂದ ಕೆಳಗೆ ಶಕ್ತಿ ಹೋಯಿತು. ಅಂದಿನಿಂದ ಗಾಲಿಕುರ್ಚಿ. ಆದರೆ ಅವಳು ಮೂಲೆ ಹಿಡಿದು ಕೂರಲಿಲ್ಲ. ಮನೆಯಲ್ಲೇ ಓದಿ ಬಿ.ಎ. ಮುಗಿಸಿದಳು. ಸರ್ಕಾರದಿಂದ ಪಕ್ಕಕ್ಕೆ ಚಕ್ರ ಇರುವ ಸ್ಕೂಟರ್ ಸಿಕ್ಕ ಮೇಲೆ, ಕುರ್ಚಿಯನ್ನು ಮಡಚಿ ಹಿಂದಕ್ಕೆ ಕಟ್ಟಿಕೊಂಡು ಹರಿಹರಕ್ಕೆ ತಾನೇ ಹೋಗಿಬರುತ್ತಿದ್ದಳು.

ಹರಿಹರದ ಹಳೇ ಬಜಾರಿನ ಹಿಂದಿನ ಬೀದಿಯಲ್ಲಿ 'ಹೊಳೆದಂಡೆ ರೇಡಿಯೋ' ಎಂಬ ಸಮುದಾಯ ರೇಡಿಯೋ ಕೇಂದ್ರವಿದೆ. ಹೊರದೇಶದ ಒಂದು ಸೇವಾಸಂಸ್ಥೆ ಅದಕ್ಕೆ ನೆರವು ಕೊಡುತ್ತದೆ. ಅನೇಕ ದೇಶಗಳಲ್ಲಿ ಸಣ್ಣ ಸಣ್ಣ ರೇಡಿಯೋಗಳನ್ನೂ ಪತ್ರಿಕೆಗಳನ್ನೂ ಬೆಳೆಸುವುದೇ ಆ ಸಂಸ್ಥೆಯ ಕೆಲಸ. ಟಿವಿಯಲ್ಲಿ, ಪೇಪರಿನಲ್ಲಿ ಯಾರ ಮಾತಿಗೆ ಜಾಗವಿಲ್ಲವೋ ಅವರ ಮಾತು ಕೇಳಿಸಬೇಕು ಎಂದು ಹಳ್ಳಿಗಳಿಂದ, ಕೇರಿಗಳಿಂದ ಹೆಣ್ಣುಮಕ್ಕಳನ್ನು ಆರಿಸಿ ವರದಿ ಮಾಡುವುದನ್ನು ಕಲಿಸಿದರು. ಮೀನಾಕ್ಷಿ ಅವರಲ್ಲಿ ಒಬ್ಬಳು. ತರಬೇತಿ ನಡೆದದ್ದು ದಾವಣಗೆರೆಯ ಒಂದು ಕಲ್ಯಾಣಮಂಟಪದಲ್ಲಿ, ನೆಲಮಟ್ಟದಲ್ಲೇ. ಅಲ್ಲಿ ಅವಳು ಎಲ್ಲರಿಗಿಂತ ಹೆಚ್ಚು ಮಾತಾಡಿದ್ದಳು. ಹರಿಹರದ ಕೇಂದ್ರ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಅವಳು ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಳು. ಯಾರಾದರೂ ಇಳಿದು ಬಂದು ವರದಿ ತೆಗೆದುಕೊಂಡು ಹೋಗುತ್ತಿದ್ದರು. ಯಾವ ಸುದ್ದಿ ಮಾಡಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಸಮಿತಿ ಮೇಲೆ ಕೂರುತ್ತಿತ್ತು. ಅದರ ತೀರ್ಮಾನ ಮಾತ್ರ ಕೆಳಗೆ ಬರುತ್ತಿತ್ತು.

ಮೀನಾಕ್ಷಿಯ ಜೊತೆಗೇ ತರಬೇತಿ ಪಡೆದ, ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಕೇರಿಯ ಮಾಬೂಬೀಯದು ಇನ್ನೊಂದು ಕಥೆ. ಅವಳಿಗೆ ಮೆಟ್ಟಿಲು ಹತ್ತಲು ಕಷ್ಟವಿಲ್ಲ. ಭಟ್ಟಿಯ ಹೊಗೆಯಲ್ಲಿ ಕೆಮ್ಮುವ ಹೆಂಗಸರ ಬಗ್ಗೆ ಒಳ್ಳೆಯ ವರದಿ ಮಾಡಿದ್ದಳು. ಆದರೆ ಅವಳ ಕನ್ನಡದಲ್ಲಿ ಉರ್ದು ಬೆರೆತಿದೆ, ಕೇಳುಗರಿಗೆ ಸರಿಹೋಗುವುದಿಲ್ಲ ಎಂದು ಅದನ್ನೂ ದಾವಣಗೆರೆಯ ಆ ಹುಡುಗಿಯೇ ಓದಿದಳು. ಹುಡುಗಿಯ ಹೆಸರು ಕೃತಿಕಾ. ಅವಳ ತಪ್ಪೇನೂ ಇರಲಿಲ್ಲ. ಓದು ಎಂದರು, ಓದಿದಳು.

ಹೀಗಿರುವಾಗ ಒಂದು ದಿನ ಕೇಂದ್ರದ ಮ್ಯಾನೇಜರ್ ಬಕ್ಕೇಶ್ ಮೀನಾಕ್ಷಿಗೆ ಫೋನ್ ಮಾಡಿದರು. ಬಕ್ಕೇಶ್ ಕೆಟ್ಟವರಲ್ಲ. ದಾವಣಗೆರೆಯ ವ್ಯಾಪಾರಸ್ಥರ ಮನೆಯವರು. ಅಂಗಡಿಯ ಗಲ್ಲಾ ಬಿಟ್ಟು ರೇಡಿಯೋ ಕಟ್ಟಲು ಓಡಾಡಿದವರು.

"ಮೀನಾಕ್ಷಿಯವರೇ, ಬುಧವಾರ ಸಂಸ್ಥೆಯವರು ಬರ್ತಿದಾರೆ. ಬೆಂಗಳೂರಿಂದ ಯಶೋದಾ ಮೇಡಂ, ಅವರ ಜೊತೆ ಹೊರದೇಶದಿಂದ ಒಬ್ರು. ಈ ಸಲದ ವಿಷಯಾನೇ 'ಎಲ್ಲರನ್ನೂ ಒಳಗೊಳ್ಳೋದು'. ನೀವಂತೂ ಇರ್ಲೇಬೇಕು."

"ಬರ್ತೀನಿ ಸರ್. ಸಭೆ ಎಲ್ಲೈತೆ?"

"ಮೇಲೇನೆ. ನೀವು ಯೋಚ್ನೆ ಮಾಡ್ಬ್ಯಾಡ್ರಿ. ನಾಕು ಹುಡುಗ್ರಿಗೆ ಹೇಳಿದೀನಿ, ಕುರ್ಚಿ ಸಮೇತ ಎತ್ಕೊಂಡು ಬರ್ತಾರೆ. ಒಂದೊಳ್ಳೆ ಸೀರೆ ಉಟ್ಕೊಂಡು ಬರ್ರಿ, ಫೋಟೋ ತೆಗಿತಾರೆ."

ಮೀನಾಕ್ಷಿ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಎತ್ಕೊಂಡು ಹೋಗೋದು ಬ್ಯಾಡ ಸರ್. ಸಭೆ ಕೆಳಗೆ ಮಾಡ್ರಿ."

ಬಕ್ಕೇಶ್ ನಕ್ಕರು. "ಕೆಳಗೆ ಎಲ್ಲಿ ಮಾಡಾಣ, ರಸ್ತೆ ಮ್ಯಾಲೆ? ಒಂದಿನದ ಮಾತು. ಅಡ್ಜಸ್ಟ್ ಮಾಡ್ಕೊಳ್ರಿ."

ಅಷ್ಟರಲ್ಲಿ ಊರಲ್ಲಿ ಸುದ್ದಿ ಹರಡಿತ್ತು. ಹರಡಿಸಿದವರು ಮೀನಾಕ್ಷಿಯ ಅಪ್ಪ ಭರಮಣ್ಣ. ನಮ್ಮ ಹುಡುಗೀನ ನೋಡಾಕ ಹೊರದೇಶದಿಂದ ಬರ್ತಾರಂತೆ ಎಂದು ಚಹದಂಗಡಿಯಲ್ಲಿ ಕೂತು ಹೇಳಿದ್ದರು. ಮನೆಗೆ ಬಂದರೆ ಮಗಳು ಹೋಗುವುದಿಲ್ಲ ಎನ್ನುತ್ತಿದ್ದಾಳೆ.

"ಏನವ್ವಾ ನಿಂದು ಈ ಹಟ?" ಎಂದರು ಭರಮಣ್ಣ. "ಅಂಥಾ ದೊಡ್ಡ ಮಂದಿ. ಮ್ಯಾಲಕ್ಕೆ ಕರ್ಕೊಂಡು ಹೋಗ್ತೀವಿ ಅಂತಾರೆ, ಬರಲ್ಲ ಅಂತೀ."

"ಕರ್ಕೊಂಡು ಹೋಗ್ತೀವಿ ಅಂತಿಲ್ಲ ಅಪ್ಪ. ಹೊತ್ಕೊಂಡು ಹೋಗ್ತೀವಿ ಅಂತಾರೆ."

"ಎರಡೂ ಒಂದೇ ಅಲ್ಲೇನು?"

"ಅಲ್ಲ."

ಅಪ್ಪ ಮಗಳು ಆ ದಿನ ಮಾತು ಬಿಟ್ಟರು.

ಮರುದಿನ ಮಾಬೂಬೀ ಒಂದು ಚೀಲ ಮಂಡಕ್ಕಿ ಹಿಡಿದು ನಂದಿಗುಡಿಗೆ ಬಂದಳು. ಫೋನಿನಲ್ಲಿ ಎಲ್ಲ ಕೇಳಿದ್ದಳು. ತಿಮ್ಮವ್ವ ಮಂಡಕ್ಕಿಗೆ ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ ತಂದಿಟ್ಟರು. ಭರಮಣ್ಣ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದರು.

"ನೀನಾರ ಹೇಳವ್ವಾ ಇವ್ಳಿಗೆ," ಎಂದರು. "ಮೆಟ್ಲು ಎಲ್ಲರಿಗೂ ಒಂದೇ. ಇವ್ಳೊಬ್ಳಿಗೆ ಬ್ಯಾರೆ ಮಾಡಿ ಅಂದ್ರೆ ಯಾರು ಮಾಡ್ತಾರೆ? ಎಲ್ಲರನ್ನೂ ಸಮ ನೋಡ್ಬೇಕು ಅಂತ ಇವ್ಳೇ ವರದಿ ಬರೀತಾಳೆ."

"ಕಾಕಾ, ಹಬ್ಬಕ್ಕ ಮನಿ ಮಂದಿಗೆಲ್ಲ ಒಂದೇ ಅಳತಿ ಅಂಗಿ ಹೊಲಿಸ್ತೀಯೇನು?" ಎಂದಳು ಮಾಬೂಬೀ.

"ಅದ್ಹೆಂಗಾಗ್ತೈತೆ?"

"ಎಲ್ಲರಿಗೂ ಸಮ ಕೊಟ್ಟಂಗಾತಲ್ಲ. ನಿನಗೂ ಅದೇ, ಕೂಸಿಗೂ ಅದೇ."

"ಕೂಸಿಗೆ ಅದು ಮೈಗೆ ಕೂಡಬೇಕಲ್ಲ?"

"ಅಷ್ಟೇ ಕಾಕಾ. ಒಬ್ಬೊಬ್ಬರ ಮೈಗೆ ಕೂಡೋ ಅಂಗಿ ಕೊಟ್ರೇನೇ ಎಲ್ಲರಿಗೂ ಕೊಟ್ಟಂಗೆ. ಮೆಟ್ಲು ನಿನಗೆ ಕೂಡ್ತೈತೆ, ಮೀನಾಗೆ ಕೂಡಲ್ಲ. ಕೂಡೋ ದಾರಿ ಮಾಡ್ರಿ ಅಂತ ಕೇಳೋದು ಹೆಚ್ಚಿಂದು ಕೇಳಿದಂಗಲ್ಲ. ಮಂದಿ ಬಂದು ಹೋಗೋ ಜಾಗಕ್ಕೆ ಎಲ್ಲರೂ ಹೋಗೋ ದಾರಿ ಇರ್ಬೇಕು ಅಂತ ಕಾಯ್ದೆನೇ ಐತೆ, ವಿಕಲಚೇತನರ ಹಕ್ಕಿನ ಕಾಯ್ದೆ. ನಮ್ಮಕ್ಕನ ಮಗನ ಸ್ಕೂಲಿಗೆ ಇಳಿಜಾರು ಮಾಡ್ಸಾಕ ಓಡಾಡಿದಾಗ ನನಗೆ ಗೊತ್ತಾತು. ಅಲ್ಲೂ ಮೊದ್ಲು ಹಿಂಗೇ ಅಂದಿದ್ರು, ದಿನಾ ಎತ್ಕೊಂಡು ಹೋಗ್ರಿ ಅಂತ."

"ಕಾಯ್ದೆ ಹೇಳಿದ್ರೆ ಕೆಲ್ಸದಿಂದ ತೆಗಿತಾರೆ," ಎಂದರು ಭರಮಣ್ಣ. "ಒಂದು ಕ್ಷಣ ಕಣ್ಮುಚ್ಚಿಕೊಂಡ್ರೆ ಆತು. ನಾಕು ಮಂದಿ ಎತ್ತಿ ಇಳಿಸಿದ್ರೆ ಏನು ಸವಿತೈತೆ?"

ಮೀನಾಕ್ಷಿ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟಳು.

"ಏನು ಸವಿತೈತೆ ಅಂತ ಹೇಳ್ತೀನಿ ಕೇಳಪ್ಪ. ಹೋದ ವರ್ಷ ಚಿಗಪ್ಪನ ಮಗಳ ಮದುವ್ಯಾಗ ಊಟದ ಮನಿ ಮಹಡಿ ಮ್ಯಾಲಿತ್ತು. ಮೂರು ಮಂದಿ ನನ್ನ ಎತ್ಕೊಂಡು ಹೋದ್ರು. ಒಬ್ಬನ ಕೈ ಇರಬಾರದ ಕಡೆ ಇತ್ತು. ಕೂಗಿದ್ರೆ ಗಾಬ್ರಿಯಾಗಿ ಕೈ ಬಿಡ್ತಾರೆ, ಮೆಟ್ಲು ಮ್ಯಾಲೆ ಬೀಳ್ತೀನಿ. ಹಲ್ಲು ಕಚ್ಕೊಂಡು ಸುಮ್ಕಿದ್ದೆ. ಇಳಿಸಿದ ಮ್ಯಾಲೆ ಅವ್ನೇ ನಿನ್ನ ಹತ್ರ ಬಂದು, ಮಗಳನ್ನ ಹುಷಾರಾಗಿ ಇಳಿಸೀನಿ ಕಾಕಾ ಅಂದ. ನೀನು ಅವ್ನಿಗೆ ಕೈ ಮುಗ್ದೆ."

ತಿಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಭರಮಣ್ಣ ಎದ್ದು ಹೊರಗೆ ಹೋದರು. ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಮುಖ ತೊಳೆದುಕೊಂಡು ಒಳಗೆ ಬಂದಾಗ ಅವರ ಕಣ್ಣುಗಳು ಕೆಂಪಾಗಿದ್ದವು.

"ಬುಧವಾರ ನಾನೂ ಬರ್ತೀನಿ," ಎಂದರು. "ಯಾರು ಮುಟ್ತಾರೋ ನೋಡ್ತೀನಿ."

ಸುಮ್ಮನೆ ಜಗಳಕ್ಕೆ ಹೋಗುವುದು ಬೇಡ, ಮೊದಲು ಕೇಳಿ ನೋಡೋಣ ಎಂದು ಮೀನಾಕ್ಷಿ, ಮಾಬೂಬೀ ಇಬ್ಬರೂ ಹರಿಹರಕ್ಕೆ ಹೋದರು. ಹಾರ್ನ್ ಹೊಡೆದಾಗ ಬಕ್ಕೇಶ್ ಅವರೇ ಇಳಿದು ಬಂದರು. ಮೆಟ್ಟಿಲ ಪಕ್ಕದಲ್ಲೇ ಒಂದು ದೊಡ್ಡ ಬಾಗಿಲಿಗೆ ಬೀಗ ಹಾಕಿತ್ತು.

"ಈ ರೂಮ್ ಯಾರದು ಸರ್?" ಎಂದು ಮೀನಾಕ್ಷಿ ಕೇಳಿದಳು.

"ನಮ್ಮದೇ. ಗೋಡೌನ್. ಹಳೇ ಕುರ್ಚಿ, ಬ್ಯಾನರು, ಡಬ್ಬಿ, ಅದೂ ಇದೂ ಇಟ್ಟೀವಿ."

"ಹಂಗಾದ್ರೆ ಸಾಮಾನಿಗೆ ಕೆಳಗೆ ಜಾಗ ಐತೆ, ಮನುಷ್ಯರಿಗೆ ಇಲ್ಲ ಅಂತಾತು."

"ಹಂಗಲ್ಲ ಮೀನಾಕ್ಷಿಯವರೇ. ಮೇಲೆ ಸ್ಟುಡಿಯೋ ಮಾಡೋವಾಗ ಇದೆಲ್ಲ ಯಾರ ತಲೆಗೂ ಹೊಳೀಲಿಲ್ಲ. ಹೊರಗಿನ ಸದ್ದು ಕೇಳಬಾರದು ಅಂತ ಮೇಲೆ ಮಾಡಿದ್ವಿ."

"ಯಾರ ತಲಿಗೂ ಹೊಳೀಲಿಲ್ಲ ಅಂದ್ರಿ. ಹೊಳಿಯೋ ತಲಿ ಯಾವ್ದೂ ಆ ಸಮಿತ್ಯಾಗ ಇರ್ಲಿಲ್ಲ ಸರ್. ಇದ್ದಿದ್ರೆ ಮೊದಲ್ನೇ ದಿನಾನೇ ಹೇಳ್ತಿತ್ತು."

ಮೆಟ್ಟಿಲ ತುದಿಯಲ್ಲಿ ಸಂಸ್ಥೆಯ ದೊಡ್ಡ ಪೋಸ್ಟರ್ ಕಾಣುತ್ತಿತ್ತು. 'ಎಲ್ಲರ ದನಿ, ಎಲ್ಲರ ರೇಡಿಯೋ' ಎಂಬ ಮಾತಿನ ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ನಗುತ್ತಿರುವ ಮೀನಾಕ್ಷಿಯ ಚಿತ್ರ. ದಾವಣಗೆರೆಯ ತರಬೇತಿಯಲ್ಲಿ ತೆಗೆದದ್ದು.

"ನನ್ನ ಫೋಟೋ ಮೆಟ್ಲು ಹತ್ತೈತೆ ಸರ್," ಎಂದಳು ಅವಳು. "ನಾನು ಹತ್ತಿಲ್ಲ. ಈ ಬುಧವಾರ ಈ ಗೋಡೌನ್ ತೆಗೆದು ಸಭೆ ಇಲ್ಲಿ ಮಾಡ್ರಿ. ಆಮ್ಯಾಲೆ ನಾವು ನಮ್ಮ ವರದಿ ಇಲ್ಲೇ ಕೂತು ನಾವೇ ಓದ್ತೀವಿ. ಸಮಿತ್ಯಾಗೂ ಕೂಡ್ತೀವಿ. ಇಷ್ಟೇ ನಾವು ಕೇಳೋದು."

ಬಕ್ಕೇಶ್ ಮುಖ ಗಂಟಾಯಿತು. "ಹೊರಗಿನವರು ಬರೋ ಹೊತ್ತಿಗೆ ಇದೆಲ್ಲ ಎತ್ತಬ್ಯಾಡ್ರಿ. ಮುಂದಿನ ವರ್ಷ ನೆರವು ಕೊಡೋದೋ ಬ್ಯಾಡೋ ಅಂತ ನೋಡೋಕೇ ಅವರು ಬರ್ತಿರೋದು. ನೀವು ಗಲಾಟೆ ಮಾಡಿ ರೇಡಿಯೋ ಮುಚ್ಚಿದ್ರೆ ಇಲ್ಲಿರೋ ಅಷ್ಟೂ ಜನ ಮನೆಗೆ ಹೋಗ್ತಾರೆ. ಅದು ನಿಮ್ಮ ತಲೆ ಮೇಲೆ."

ಈ ಮಾತು ಮೀನಾಕ್ಷಿಗೆ ನಾಟಿತು. ಊರಿಗೆ ಬರುವಷ್ಟರಲ್ಲಿ ಹದಡಿ ಗ್ರಾಮದ ವರದಿಗಾರ್ತಿಯೊಬ್ಬಳ ಫೋನು. ನಿನ್ನ ಹಟಕ್ಕೆ ನಮ್ಮ ಕೆಲಸಕ್ಕೂ ಕುತ್ತು ಬರುತ್ತದೆ ಎಂದು ಬೈದು ಇಟ್ಟಳು. ಎರಡು ದಿನ ಮೀನಾಕ್ಷಿಗೆ ಅನ್ನ ಸೇರಲಿಲ್ಲ. ತನ್ನ ಒಬ್ಬಳ ಮಾನಕ್ಕಾಗಿ ಎಲ್ಲರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಯೇ ಎನಿಸಿತು. ಹೋಗಲಿ, ಒಂದು ದಿನ ಕಣ್ಣು ಮುಚ್ಚಿಕೊಂಡುಬಿಡುವುದೇ ವಾಸಿ ಎಂದು ಮಾಬೂಬೀಗೆ ಫೋನ್ ಮಾಡಿದಳು.

"ಬಾಯಿ ಮುಚ್ಕೊಂಡು ಉಳಿಸ್ಕೊಂಡ ರೇಡಿಯೋದಾಗ ನಾವು ಏನು ಮಾತಾಡ್ತೀವಿ ಮೀನಾ?" ಎಂದಳು ಮಾಬೂಬೀ. "ನಾನೂ ಇಷ್ಟು ದಿನ ಸುಮ್ನಿದ್ದೆ. ನನ್ನ ಮಾತು ಸರಿ ಇಲ್ಲ ಅಂದಾಗ ನಾಚ್ಕೊಂಡೆ. ಇನ್ಮ್ಯಾಲೆ ನಾಚ್ಕೊಳ್ಳಲ್ಲ. ನೀ ಬಂದ್ರೂ ಬಿಟ್ರೂ, ಬುಧವಾರ ನಾ ಆ ಮೆಟ್ಲು ಹತ್ತಲ್ಲ."

"ನೀ ಹತ್ತಬಲ್ಲೆ. ಯಾಕ ಹತ್ತಲ್ಲ?"

"ನಿನ್ನ ಕೆಳಗೆ ಬಿಟ್ಟು ಮ್ಯಾಲೆ ಹೋಗಿ, ಎಲ್ಲರೂ ಒಂದೇ ಅಂತ ಭಾಷಣ ಕೇಳ್ಲೇನು?"

ಬುಧವಾರ ಬಂತು. ಮೀನಾಕ್ಷಿ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು. ಭರಮಣ್ಣ ಬಸ್ಸಿಗೆ ಬಂದು ಮೊದಲೇ ಮೆಟ್ಟಿಲ ಹತ್ತಿರ ನಿಂತಿದ್ದರು. ಸಂಸ್ಥೆಯವರ ಕಾರು ಆಗಲೇ ಬಂದು, ಅವರು ಮೇಲೆ ಹೋಗಿಯಾಗಿತ್ತು. ಮೀನಾಕ್ಷಿ ಸ್ಕೂಟರಿನಿಂದ ಕುರ್ಚಿಗೆ ಸರಿದು ಕೂತಳು. ಕೂಡಲೇ ನಾಲ್ವರು ಹುಡುಗರು ಓಡಿ ಬಂದರು. ಒಬ್ಬ ಕುರ್ಚಿಯ ಹಿಡಿಕೆಗೆ ಕೈ ಹಾಕಿದ.

"ಕೈ ತೆಗಿ," ಎಂದಳು ಮೀನಾಕ್ಷಿ.

"ಅಕ್ಕಾ, ಸರ್ ಹೇಳಿದಾರೆ—"

"ಕುರ್ಚಿ ನಂದು. ಮೈ ನಂದು. ನಾನು ಹೇಳ್ತೀನಿ, ಕೈ ತೆಗಿ."

ಹುಡುಗ ಹಿಂದೆ ಸರಿದ. ಭರಮಣ್ಣ ಬಂದು ಮಗಳ ಕುರ್ಚಿಗೂ ಮೆಟ್ಟಿಲಿಗೂ ನಡುವೆ ನಿಂತರು. ಮಾಬೂಬೀ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೇಲೆ ಹೋಗುತ್ತಿದ್ದ ಇನ್ನಿಬ್ಬರು ವರದಿಗಾರ್ತಿಯರು ನಿಂತು ನೋಡಿದರು. ಫೋನಿನಲ್ಲಿ ಬೈದಿದ್ದ ಹದಡಿಯವಳೂ ಅವರಲ್ಲಿ ಇದ್ದಳು. ಅವಳು ಒಂದು ಗಳಿಗೆ ಯೋಚಿಸಿದಳು, ಚಪ್ಪಲಿ ಬಿಟ್ಟು ಬಂದು ಮಾಬೂಬೀಯ ಪಕ್ಕ ಕೂತಳು. ಇನ್ನೊಬ್ಬಳು ತಲೆ ತಗ್ಗಿಸಿ ಮೇಲೆ ಹೋದಳು.

ಬಕ್ಕೇಶ್ ಬೆವರು ಒರೆಸಿಕೊಳ್ಳುತ್ತ ಇಳಿದು ಬಂದರು. "ಏನ್ರೀ ಇದು? ಹೋಗ್ಲಿ, ಎತ್ತೋದು ಬ್ಯಾಡ. ಮೊಬೈಲಲ್ಲಿ ವಿಡಿಯೋ ಕಾಲ್ ಹಾಕ್ತೀನಿ. ಇಲ್ಲಿಂದಾನೇ ನಮಸ್ಕಾರ ಹೇಳಿಬಿಡ್ರಿ."

"ನಮಸ್ಕಾರ ಹೇಳಾಕ ಬಂದಿಲ್ಲ ಸರ್. ಸಭೆಗೆ ಬಂದೀನಿ. ಸಭೆ ಎಲ್ಲೈತೋ ಅಲ್ಲಿ ನನಗೆ ದಾರಿ ಇಲ್ಲ. ಸಭೆಗೆ ಇಳಿಯೋ ದಾರಿ ಐತೆ. ಅದು ಇಳಿದು ಬರ್ಲಿ."

ಬಕ್ಕೇಶ್ ಮೇಲೆ ಹೋದರು. ಬಹಳ ಹೊತ್ತು ಯಾರೂ ಬರಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಮೇಲಿನ ಕಿಟಕಿಯಿಂದ ಚಪ್ಪಾಳೆ ಕೇಳಿಸಿತು, ಸ್ವಾಗತ ಭಾಷಣ ಕೇಳಿಸಿತು. ಮೀನಾಕ್ಷಿ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಮೇಲೆ ಮೇಲೆ ಎಲ್ಲ ಸದ್ದೂ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಇಳಿದು ಬಂದವಳು ಕೃತಿಕಾ. ಒಂದು ಕೈಯಲ್ಲಿ ಮೈಕು, ಹೆಗಲ ಮೇಲೆ ವೈರಿನ ಸುರುಳಿ.

"ನಿಮ್ಮ ವರದಿ ಓದು ಅಂತ ನನ್ನ ಎಬ್ಬಿಸಿದ್ರು ಅಕ್ಕ," ಎಂದಳು ಮೀನಾಕ್ಷಿಗೆ. ಅವಳ ಮುಖ ಕೆಂಪಾಗಿತ್ತು. "ಓದಲ್ಲ ಅಂದೆ. ಇದನ್ನ ಮಾಡಿದವರು ಕೆಳಗೆ ಕೂತಿದಾರೆ, ಅವರ ಬಾಯಿಂದಾನೇ ಕೇಳ್ರಿ ಅಂದೆ. ಇಷ್ಟು ದಿನ ನಿಮ್ಮ ಮಾತು ನನ್ನ ಬಾಯಲ್ಲಿ ಬಂತು. ಇನ್ನು ಬರಲ್ಲ."

ಅವಳ ಹಿಂದೆಯೇ ಯಶೋದಾ ಮೇಡಂ ಇಳಿದು ಬಂದರು. ಜೊತೆಗೆ ಹೊರದೇಶದ ಹೆಣ್ಣುಮಗಳು. ಆಫ್ರಿಕದ ಕೆನ್ಯಾದವರಂತೆ, ಅಲ್ಲಿಯೂ ಇಂಥದೇ ರೇಡಿಯೋಗಳನ್ನು ನೋಡಿಕೊಳ್ಳುವವರು. ಅವರ ಹಿಂದೆ ಬಕ್ಕೇಶ್, ಸಮಿತಿಯವರು, ಎಲ್ಲರೂ.

ಯಶೋದಾ ಮೇಡಂ ಮೃದುವಾಗಿ ಮಾತಾಡಿದರು. "ಬೇಜಾರು ಮಾಡ್ಕೋಬೇಡಿ ಮೀನಾಕ್ಷಿ. ಎಲ್ಲರನ್ನೂ ಒಳಗೊಳ್ಳಬೇಕು ಅಂತ ನಮ್ಮ ಸಂಸ್ಥೆಯಲ್ಲಿ ಪಾಲಿಸಿನೇ ಇದೆ. ಎಲ್ಲ ದೇಶಕ್ಕೂ ಕಳಿಸಿದ್ದೀವಿ."

"ನಿಮ್ಮ ಪಾಲಿಸಿ ಮ್ಯಾಲೈತೆ ಮೇಡಂ. ನಾನು ಕೆಳಗದೀನಿ."

ಮೀನಾಕ್ಷಿ ಏನೆಂದಳು ಎಂದು ಕೆನ್ಯಾದ ಹೆಣ್ಣುಮಗಳು ಕೇಳಿದರು. ಯಶೋದಾ ಇಂಗ್ಲಿಷಿನಲ್ಲಿ ಹೇಳಿದರು. ಆ ಹೆಣ್ಣುಮಗಳು ಮೆಟ್ಟಿಲನ್ನೊಮ್ಮೆ, ಮೀನಾಕ್ಷಿಯನ್ನೊಮ್ಮೆ ನೋಡಿದರು. ಆಮೇಲೆ ಯಶೋದಾ ಅವರ ಕಡೆ ತಿರುಗಿ ಏನೋ ಕೇಳಿದರು. ಯಶೋದಾ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದರು. ನಾವು ನೆರವು ಕೊಡುವ ರೇಡಿಯೋಗಳಲ್ಲಿ ಎಷ್ಟು ಮಹಡಿಯ ಮೇಲಿವೆ ಎಂದು ಕೆನ್ಯಾದವರು ಕೇಳಿದ್ದರಂತೆ. ಅದು ಯಾರಿಗೂ ಗೊತ್ತಿರಲಿಲ್ಲ. ಕೆನ್ಯಾದಲ್ಲಿ ಎಷ್ಟಿವೆ ಎಂದು ತನಗೂ ಗೊತ್ತಿಲ್ಲ ಎಂದು ಅವರೇ ಒಪ್ಪಿಕೊಂಡರು.

"ಲಿಫ್ಟ್ ಹಾಕಿಸೋಕೆ ಮುಂದಿನ ವರ್ಷ ಪ್ರಯತ್ನ ಮಾಡ್ತೀವಿ," ಎಂದರು ಯಶೋದಾ.

"ಲಿಫ್ಟ್ ಬ್ಯಾಡ ಮೇಡಂ. ಮುಂದಿನ ವರ್ಷನೂ ಬ್ಯಾಡ," ಎಂದಳು ಮೀನಾಕ್ಷಿ. ಪಕ್ಕದ ಬೀಗ ಹಾಕಿದ ಬಾಗಿಲನ್ನು ತೋರಿಸಿದಳು. "ಆ ಬಾಗ್ಲು ಇವತ್ತು ತೆಗಿಸ್ರಿ. ಅದರಾಗ ಇರೋದು ಬರೀ ಸಾಮಾನು."

ಬಕ್ಕೇಶ್ ಬೀಗದ ಕೈ ಎಲ್ಲಿದೆಯೋ ನೋಡಬೇಕು ಎಂದರು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಯಶೋದಾ ಮೇಡಂ ಕೈ ಚಾಚಿದಾಗ ಕೊಟ್ಟರು.

ಬಾಗಿಲು ತೆಗೆದರೆ ಧೂಳು. ಸುತ್ತಿಟ್ಟ ಬ್ಯಾನರುಗಳು, ಕಾಲು ಮುರಿದ ಕುರ್ಚಿಗಳು, ಖಾಲಿ ರಟ್ಟಿನ ಡಬ್ಬಿಗಳು. ಭರಮಣ್ಣ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿ ತೆರೆದರು. ಮಗಳನ್ನು ಎತ್ತಲು ಬಂದಿದ್ದ ಹುಡುಗರ ಕಡೆ ತಿರುಗಿ, "ಹೊರಾಕ ಬಂದೀರಲ್ಲಪ್ಪ, ಹೊರ್ರಿ ಇವನ್ನ ಮ್ಯಾಲಕ್ಕ," ಎಂದರು. ತಾವೇ ಮೊದಲ ಡಬ್ಬಿ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದರು. ಹುಡುಗರು ಹಿಂದೆ ಹೊರಟರು. ಮಾಬೂಬೀ, ಕೃತಿಕಾ, ಹದಡಿಯವಳು ಪೊರಕೆ ಹಿಡಿದರು. ಕೆನ್ಯಾದ ಹೆಣ್ಣುಮಗಳು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಕುರ್ಚಿಗಳನ್ನು ಈಚೆ ಎಳೆದರು. ಪಕ್ಕದ ಟೈಲರ್ ಹಯಾತ್ ಸಾಬ್ ತಮ್ಮ ಅಂಗಡಿಯ ಮುಂದಿನ ಹಲಗೆ ತಂದು ಹೊಸ್ತಿಲಿಗೆ ಇಳಿಜಾರಾಗಿ ಇಟ್ಟರು. ಮೀನಾಕ್ಷಿ ಯಾರ ಕೈಯನ್ನೂ ಹಿಡಿಯದೆ, ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನದ ಸಭೆ ಅಲ್ಲಿಯೇ ನಡೆಯಿತು. ಸಭೆ ಮುಗಿದ ಮೇಲೆ ಕೃತಿಕಾ ಮೇಲಿನ ಸ್ಟುಡಿಯೋದಿಂದ ವೈರು ಎಳೆದು ಮೈಕು ಇಟ್ಟಳು. ಮೀನಾಕ್ಷಿ ತನ್ನ ವರದಿಯನ್ನು ನೇರ ಪ್ರಸಾರದಲ್ಲಿ ತಾನೇ ಓದಿದಳು. ನಾಟಿ ಹಚ್ಚುವ ಹೆಂಗಸರು ದಿನವಿಡೀ ಕೆಸರಿನಲ್ಲಿ ನಿಂತರೂ ಶೌಚಕ್ಕೆ ಒಂದು ಮರೆ ಇಲ್ಲ, ಅದಕ್ಕೇ ನೀರು ಕುಡಿಯದೆ ಕಾಯಿಲೆ ಬೀಳುತ್ತಾರೆ ಎಂಬ ವರದಿ. ಹೊರಗೆ ಆಟೋ ಹಾರ್ನ್ ಕೇಳಿಸಿತು, ಹಯಾತ್ ಸಾಬರ ಹೊಲಿಗೆ ಯಂತ್ರದ ಸದ್ದೂ ಸೇರಿತು. ಮೀನಾಕ್ಷಿ ನಿಲ್ಲಿಸಲಿಲ್ಲ.

ನಂದಿಗುಡಿಯ ಗದ್ದೆಯಲ್ಲಿ ತಿಮ್ಮವ್ವ ಕೆಸರುಗೈಯಲ್ಲೇ ಮೊಬೈಲನ್ನು ಬದುವಿನ ಮೇಲಿಟ್ಟಿದ್ದರು. ನಾಟಿ ಹಚ್ಚುತ್ತಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದರು. "ನಮ್ಮ ಮೀನಾನ ದನಿ," ಎಂದಳು ಒಬ್ಬಳು. "ನಮ್ಮ ಮಾತು," ಎಂದಳು ಇನ್ನೊಬ್ಬಳು.

ಮರುದಿನದಿಂದ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಕ್ಕೇಶ್ ಕೆಲವು ದಿನ ಮೀನಾಕ್ಷಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆದರೆ ರೇಡಿಯೋ ಮುಚ್ಚಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಸಂಸ್ಥೆಯವರು ನೆರವು ಮುಂದುವರಿಸಿದರು. ಬೇರೆ ಬೇರೆ ದೇಶಗಳಲ್ಲಿರುವ ತಮ್ಮ ಕೇಂದ್ರಗಳ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂದು ಅಲ್ಲಿನವರನ್ನೇ ಕೇಳತೊಡಗಿದ್ದಾರೆ. ಗೋಡೌನ್ ಈಗ ಸ್ಟುಡಿಯೋ ಆಗಿದೆ. ಮೀನಾಕ್ಷಿ, ಮಾಬೂಬೀ ಇಬ್ಬರೂ ಸಮಿತಿಯಲ್ಲಿದ್ದಾರೆ.

ಸಮಿತಿಯ ಮೊದಲ ಸಭೆಯಲ್ಲೇ ಮಾಬೂಬೀಯ ಭಾಷೆಯ ಮಾತು ಬಂತು. ಸ್ವಲ್ಪ ತಿದ್ದಿದರೆ ಕೇಳುಗರಿಗೆ ಹಿತ ಎಂದರು ಬಕ್ಕೇಶ್.

"ಸರ್, ಭಟ್ಟಿ ಹೊಗಿ ಕುಡ್ಯಾಕ ನನ್ನ ಭಾಷೆ ಸಾಕಾಗ್ತೈತೆ," ಎಂದಳು ಮಾಬೂಬೀ. "ಹೊಗಿ ಬಗ್ಗೆ ಹೇಳಾಕ ಸಾಕಾಗಲ್ಲೇನು?"

ಕೈ ಎತ್ತಿಸಿದರು. ವರದಿ ಮಾಡಿದವರೇ ಓದಬೇಕು ಎಂದು ತೀರ್ಮಾನವಾಯಿತು. ಬಕ್ಕೇಶ್ ಸ್ವಲ್ಪ ತಡವಾಗಿಯಾದರೂ ಕೈ ಎತ್ತಿದರು. ಕೃತಿಕಾ ಈಗ ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಹುಡುಗಿಯರ ಬಗ್ಗೆ ತನ್ನದೇ ವರದಿ ಮಾಡುತ್ತಾಳೆ. ಶೌಚಾಲಯ ಮಾತ್ರ ಇನ್ನೂ ಮೇಲೆಯೇ ಇದೆ. ಹಯಾತ್ ಸಾಬರ ಮನೆಯವರು ತಮ್ಮದನ್ನು ಬಳಸಲು ಬಿಡುತ್ತಾರೆ. ಅದು ಅವರ ದೊಡ್ಡತನ. ಆದರೆ ಕೇಂದ್ರದ್ದೇ ಆಗುವವರೆಗೆ ಮೀನಾಕ್ಷಿ ಪ್ರತಿ ಸಭೆಯಲ್ಲೂ ಕೇಳುತ್ತಾಳೆ, ಕೇಳುತ್ತಲೇ ಇರುತ್ತಾಳೆ. ಭರಮಣ್ಣ ಈಗ ಚಹದಂಗಡಿಯಲ್ಲಿ ಬೇರೆ ಮಾತು ಹೇಳುತ್ತಾರೆ. ಗ್ರಾಮಸಭೆಗೆ ಊರಿನ ಕಿವಿ ಕೇಳದ, ಕಣ್ಣು ಕಾಣದ ಮಂದಿಯನ್ನು ಕರೆದಿದ್ದೀರಾ, ಕರೆದು ಅವರಿಗೆ ತಿಳಿಯುವಂತೆ ಹೇಳುತ್ತೀರಾ ಎಂದು ಪಂಚಾಯಿತಿಯವರನ್ನು ಹಿಡಿದು ಕೇಳುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಂಘದ, ಡೇರಿಯ, ಶಾಲೆಯ, ಪಂಚಾಯಿತಿಯ ಮುಂದಿನ ಸಭೆಗೆ ಹೋದಾಗ ಒಮ್ಮೆ ಸುತ್ತ ನೋಡಿ. ಯಾರು ಬಂದಿಲ್ಲ? ಮೆಟ್ಟಿಲು ಅಡ್ಡವಾಯಿತೇ, ಭಾಷೆ ಅಡ್ಡವಾಯಿತೇ, ಜಾತಿಯೋ ಧರ್ಮವೋ ಅಡ್ಡವಾಯಿತೇ, ಸಭೆ ಇಟ್ಟ ಹೊತ್ತು ಅಡ್ಡವಾಯಿತೇ? ಊಹೆ ಮಾಡಬೇಡಿ, ಹೋಗಿ ಅವರನ್ನೇ ಕೇಳಿ. ಅವರ ಪರವಾಗಿ ನೀವೇ ಮಾತಾಡಿ ಮುಗಿಸಬೇಡಿ. ಅವರ ಚಿತ್ರ ಗೋಡೆಗೆ ಹಚ್ಚಿ ಕೆಲಸ ಆಯಿತು ಎನ್ನಬೇಡಿ. ತೀರ್ಮಾನ ಮಾಡುವ ಜಾಗದಲ್ಲಿ ಅವರಿಗೆ ಕುರ್ಚಿ ಹಾಕಿ, ಅವರ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊರಗೆ ಉಳಿದಿರುವವರಿಗೂ ಒಂದು ಮಾತು. ಯಾರೋ ದೊಡ್ಡ ಮನಸ್ಸು ಮಾಡಿ ಕರೆಯಲಿ ಎಂದು ಕಾಯಬೇಡಿ. ನಿಮಗೆ ಬೇಕಾದದ್ದನ್ನು ನಿಮ್ಮ ಮಾತಿನಲ್ಲೇ ಕೇಳಿ. ಕೊಡದಿದ್ದರೆ ಬಾಗಿಲಲ್ಲೇ ಕೂತುಬಿಡಿ. ಒಬ್ಬರೇ ಆದೆವು ಎನಿಸಿದರೆ ಹೊಳೆದಂಡೆ ರೇಡಿಯೋಗೆ ಹೇಳಿ ಕಳಿಸಿ. ಪಕ್ಕದಲ್ಲಿ ಕೂರಲು ನಾವು ಬರುತ್ತೇವೆ.